ಒಂದು ಲೋಟ ಕಾಫಿ, ಒಂದು ಪಾಸ್‌ಬುಕ್ಕು

(ಅರಸೀಕೆರೆ ಸಮೀಪದ ಮಾಲೇಕಲ್ಲಿನ ತಪ್ಪಲಿನಲ್ಲಿ ಗ್ರಾಮಸ್ಥರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಮಾಲೇಕಲ್ಲು ತಿರುಪತಿಯ ಬೆಟ್ಟಕ್ಕೆ ಬರುವ ಭಕ್ತರು ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಏರಿ ವೆಂಕಟರಮಣನ ದರ್ಶನ ಪಡೆಯುತ್ತಾರೆ. ಕೆಳಗಿಳಿದು ಬಂದೊಡನೆ ಅವರಲ್ಲಿ ಬಹುಮಂದಿ ಅರಸುವುದು ಒಂದು ಲೋಟ ಕಾಫಿಯನ್ನು. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ನಿಂತಾಗ ಕಿಟಕಿಯಿಂದ ಚಾಚುವ ಕೈಗಳು ಬೇಡುವುದೂ ಅದನ್ನೇ. ಬಂಧುಗಳ ಮನೆಗೆ ಕಾಲಿಟ್ಟರೆ ಕುಶಲ ಪ್ರಶ್ನೆಗಿಂತ ಮೊದಲು ಬರುವ ಮಾತು 'ಕಾಫಿ ಆಯಿತೇ?' ಎಂಬುದು. ಹೀಗೆ ಬದುಕಿನೊಳಗೆ ಬೆರೆತುಹೋಗಿರುವ ಒಂದು ಪಾನೀಯವನ್ನು ಕಡಿಮೆ ಮಾಡಿ ಎಂದು ಹೇಳುವುದು ಅಪ್ರಿಯವಾದ ಕೆಲಸವೇ ಸರಿ. ಹಾಗಿದ್ದರೂ ಈ ಮಾತನ್ನು ಆಡಬೇಕಾಗಿದೆ. ಕಾಫಿ ಕೆಟ್ಟದ್ದೆಂಬುದು ಇದಕ್ಕೆ ಕಾರಣವಲ್ಲ. ಹಾಸನ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಕಾಫಿಗೆ ಪ್ರತಿದಿನ ಹಣ ಹೊರಡುತ್ತದೆ, ಉಳಿತಾಯಕ್ಕೆ ಮಾತ್ರ ಹಣ ಹೊರಡುವುದೇ ಇಲ್ಲ. ಇದೇ ನಿಜವಾದ ಕಾರಣ.

ಈ ಬೆಟ್ಟದ ಸುತ್ತ ಇರುವುದು ತೆಂಗು, ರಾಗಿ ಮತ್ತು ಮಳೆಗಾಗಿ ಕಾಯುವ ಹೊಲಗಳು. ಇಲ್ಲಿಂದ ಹಳೇಬೀಡು, ಬೇಲೂರುಗಳನ್ನು ದಾಟಿ ಅರೇಹಳ್ಳಿಯ ಕಡೆಗೆ ಸಾಗಿದರೆ ಕಾಫಿ ತೋಟಗಳ ಮಲೆನಾಡು ಆರಂಭವಾಗುತ್ತದೆ. ಅರಸೀಕೆರೆಯಲ್ಲಿ ಬೀಳುವ ಮಳೆ ಸಕಲೇಶಪುರದ ಮಳೆಯ ಅರ್ಧಕ್ಕಿಂತಲೂ ಕಡಿಮೆ. ಒಂದು ಕಡೆ ಕಾಫಿಯನ್ನು ಬೆಳೆಯುವವರು, ಇನ್ನೊಂದು ಕಡೆ ಕೊಂಡು ಕುಡಿಯುವವರು. ಭೂಮಿ ಬೇರೆ, ಬೆಳೆ ಬೇರೆ, ಮಳೆಯೂ ಬೇರೆ. ಆದರೆ ತಿಂಗಳ ಕೊನೆಯ ವಾರದಲ್ಲಿ ಮಗಳ ಕಾಲೇಜು ಶುಲ್ಕಕ್ಕೋ ತಾಯಿಯ ಔಷಧಕ್ಕೋ ಕೈಸಾಲ ಹುಡುಕುವ ಕಷ್ಟ ಎರಡೂ ಕಡೆ ಒಂದೇ.

ಅನಾದಿ ಕಾಲದ್ದಲ್ಲ

ಕಾಫಿ ಇಲ್ಲದೆ ದಿನ ಕಳೆಯುವುದು ಅಸಾಧ್ಯವೆಂಬ ಭಾವನೆ ಬಲವಾಗಿರುವುದರಿಂದ ಅದರ ವಯಸ್ಸನ್ನು ಒಮ್ಮೆ ನೋಡುವುದು ಒಳಿತು. ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರತಿಷ್ಠೆಯಾದುದು 1117ರಲ್ಲಿ. ಆ ಶಿಲ್ಪಗಳನ್ನು ಕಡೆದ ಕೈಗಳು ಕಾಫಿಯ ಲೋಟವನ್ನು ಹಿಡಿದವುಗಳಲ್ಲ. ಪರಂಪರೆಯ ಮಾತಿನಂತೆ ಬಾಬಾಬುಡನ್ ಅವರು ಯೆಮೆನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟದ್ದು 17ನೆಯ ಶತಮಾನದಲ್ಲಿ. ತೋಟಗಳ ರೂಪದಲ್ಲಿ ಕಾಫಿ ಹಬ್ಬಿದ್ದು 19ನೆಯ ಶತಮಾನದಲ್ಲಿ. ಅದಕ್ಕಿಂತ ಮುಂಚೆ ಇಲ್ಲಿನ ಜನ ರಾಗಿ ಅಂಬಲಿ, ಮಜ್ಜಿಗೆ, ಬೆಲ್ಲದ ಪಾನಕ, ಕೊತ್ತಂಬರಿ ಜೀರಿಗೆಯ ಕಷಾಯ ಕುಡಿದು ಹೊಲ ಉತ್ತರು, ಕೆರೆ ಕಟ್ಟಿದರು. ಕಾಫಿ ಪ್ರೀತಿಯ ಅತಿಥಿಯೇ ಹೌದು. ಆದರೆ ಅತಿಥಿ ಮನೆಯ ಯಜಮಾನನಾಗಿಬಿಟ್ಟರೆ ಲೆಕ್ಕ ಕೇಳುವ ಹಕ್ಕು ಮನೆಯವರಿಗೆ ಇದ್ದೇ ಇರುತ್ತದೆ.

ಬೆಳೆಗಾರನಿಗೆ ನಷ್ಟವಲ್ಲವೇ?

ಈ ವಿಷಯ ಎತ್ತಿದಾಗ ಮಲೆನಾಡಿನಲ್ಲಿ ಏಳುವ ಮೊದಲ ಪ್ರಶ್ನೆ ಇದು: ಕಾಫಿ ಜಿಲ್ಲೆಯಲ್ಲೇ ಕಾಫಿ ಕಡಿಮೆ ಮಾಡಿ ಎಂದರೆ ಬೆಳೆಗಾರನ ಅನ್ನಕ್ಕೆ ಕಲ್ಲು ಹಾಕಿದಂತಾಗುವುದಿಲ್ಲವೇ? ಪ್ರಶ್ನೆ ನ್ಯಾಯವಾದುದು, ಉತ್ತರವನ್ನೂ ಸರಿಯಾಗಿಯೇ ಕೊಡಬೇಕು.

ಭಾರತದ ಕಾಫಿಯಲ್ಲಿ ಸುಮಾರು ಶೇ. 70ರಷ್ಟನ್ನು ಕರ್ನಾಟಕವೇ ಬೆಳೆಯುತ್ತದೆ. ದೇಶದ ಬೆಳೆಯ ಬಹುಪಾಲು ರಫ್ತಾಗುತ್ತದೆ. ಅದರ ಬೆಲೆ ತೀರ್ಮಾನವಾಗುವುದು ರೊಬಸ್ಟಾಕ್ಕೆ ಲಂಡನ್ ಮಾರುಕಟ್ಟೆಯಲ್ಲಿ, ಅರೇಬಿಕಾಕ್ಕೆ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ. ಬ್ರೆಜಿಲ್ಲಿನಲ್ಲಿ ಹಿಮ ಬಿದ್ದರೆ, ವಿಯೆಟ್ನಾಮಿನಲ್ಲಿ ಮಳೆ ತಪ್ಪಿದರೆ ಬೇಲೂರಿನ ಬೆಲೆ ಏರುತ್ತದೆ. ಅಲ್ಲಿ ಫಸಲು ತುಂಬಿದರೆ ಇಲ್ಲಿ ಇಳಿಯುತ್ತದೆ. ಅರಸೀಕೆರೆಯ ಒಂದು ಮನೆಯಲ್ಲಿ ದಿನಕ್ಕೆ ನಾಲ್ಕು ಲೋಟ ಕಡಿಮೆಯಾದ ಮಾತ್ರಕ್ಕೆ ಯಾವ ಬೆಳೆಗಾರನ ಚೀಲದ ಬೆಲೆಯೂ ಕುಸಿಯುವುದಿಲ್ಲ.

ಬೆಳೆಗಾರನನ್ನು ಮುಳುಗಿಸಿರುವುದು ಬೇರೊಂದು ಸಂಗತಿ. ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದ ಕಾಲದಲ್ಲಿ ಬೆಳೆಗಾರ ಕಾಫಿಯನ್ನೆಲ್ಲ ಮಂಡಳಿಗೆ ಒಪ್ಪಿಸುತ್ತಿದ್ದ, ಹಣ ಕಂತು ಕಂತಾಗಿ ಬರುತ್ತಿತ್ತು. ಆ ವಿಳಂಬದ ಬಗೆಗೆ ಬೇಸರವಿತ್ತು, ಅದು ಸಹಜವೂ ಆಗಿತ್ತು. ಆದರೆ ಬಯಸದಿದ್ದರೂ ಅದೊಂದು ಬಗೆಯ ಒತ್ತಾಯದ ಉಳಿತಾಯವೇ ಆಗಿತ್ತು. 1992ರಿಂದ ಹಂತ ಹಂತವಾಗಿ ಸಡಿಲಗೊಂಡ ಆ ಪದ್ಧತಿ 1996ರಲ್ಲಿ ಪೂರ್ಣವಾಗಿ ಕೊನೆಗೊಂಡಿತು. ಆ ನಡುವೆ 1994ರಲ್ಲಿ ಬ್ರೆಜಿಲ್ಲಿನ ತೋಟಗಳಿಗೆ ಹಿಮದ ಹೊಡೆತ ಬಿದ್ದು ಬೆಲೆ ನೆಗೆಯಿತು. ಇಡೀ ವರ್ಷದ ಹಣ ಒಮ್ಮೆಗೇ ಕೈಗೆ ಬಂದಿತು. ಜೀಪುಗಳು ಬಂದವು, ಮನೆಗಳು ಎದ್ದವು, ಮದುವೆಗಳ ಚಪ್ಪರ ದೊಡ್ಡದಾಯಿತು, ತೋಟ ವಿಸ್ತರಣೆಗೆ ಸಾಲಗಳೂ ಹುಟ್ಟಿಕೊಂಡವು. 2000ದಿಂದ 2002ರ ಅವಧಿಯಲ್ಲಿ ಜಗತ್ತಿನ ಕಾಫಿ ಬೆಲೆ ಮೂವತ್ತು ವರ್ಷಗಳ ಕನಿಷ್ಠ ಮಟ್ಟಕ್ಕೆ ಕುಸಿದಾಗ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಬೆಳೆಗಾರರು ಸಾಲದ ನೋಟೀಸು ಹಿಡಿದು ಕುಳಿತರು. ಒಳ್ಳೆಯ ವರ್ಷಗಳ ಹಣದಲ್ಲಿ ಒಂದು ಪಾಲನ್ನು ಬದಿಗಿಟ್ಟಿದ್ದವರು ಆ ಹೊಳೆಯನ್ನು ದಾಟಿದರು, ಇಡದವರಲ್ಲಿ ಹಲವರು ತೋಟವನ್ನೇ ಬಿಡಬೇಕಾಯಿತು.

ಚರಿತ್ರೆ ಮತ್ತೆ ಅದೇ ತಿರುವಿಗೆ ಬಂದಿದೆ. ಬ್ರೆಜಿಲ್ ಮತ್ತು ವಿಯೆಟ್ನಾಮಿನ ಬರಗಾಲಗಳ ಪರಿಣಾಮವಾಗಿ 2024ರಲ್ಲಿ ರೊಬಸ್ಟಾ ಬೆಲೆ ದಾಖಲೆಯ ಎತ್ತರ ಮುಟ್ಟಿತು. ಅರೇಬಿಕಾ ಬೆಲೆ 2024ರ ಡಿಸೆಂಬರಿನಲ್ಲಿ 1977ರ ದಾಖಲೆಯನ್ನು ದಾಟಿ, 2025ರ ಫೆಬ್ರುವರಿಯಲ್ಲಿ ಇನ್ನೂ ಮೇಲೇರಿತು. ಬೆಳೆಗಾರನಿಗೆ ಅದು ಸುಗ್ಗಿ, ಪುಡಿ ಕೊಳ್ಳುವವನಿಗೆ ಹೊರೆ. ಏರಿದ ಬೆಲೆ ಎಂದಾದರೂ ಇಳಿಯುತ್ತದೆ ಎಂಬುದು ಈ ಬೆಳೆಯ ಇತಿಹಾಸ ಕಲಿಸಿದ ಪಾಠ. ಕುಡಿಯುವವನಿಗೂ ಬೆಳೆಯುವವನಿಗೂ ಆ ಪಾಠ ಹೇಳುವುದು ಒಂದನ್ನೇ: ಇರುವಾಗ ತೆಗೆದಿಡಬೇಕು.

ಒಂದು ಮನೆಯ ಲೆಕ್ಕ

ನಾಲ್ವರು ವಯಸ್ಕರಿರುವ ಒಂದು ಸಾಧಾರಣ ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ತಲಾ ಮೂರು ಲೋಟದಂತೆ ದಿನಕ್ಕೆ ಹನ್ನೆರಡು ಲೋಟ. ಲೋಟಕ್ಕೆ 5 ಗ್ರಾಂ ಪುಡಿ, 60 ಮಿ.ಲೀ. ಹಾಲು, 8 ಗ್ರಾಂ ಸಕ್ಕರೆ. ಪುಡಿಗೆ ಕಿಲೋಗ್ರಾಮಿಗೆ 800 ರೂಪಾಯಿ, ಹಾಲಿಗೆ ಲೀಟರಿಗೆ 46 ರೂಪಾಯಿ, ಸಕ್ಕರೆಗೆ 45 ರೂಪಾಯಿ ಎಂದು ಹಿಡಿದರೆ ಪುಡಿಗೆ 4 ರೂಪಾಯಿ, ಹಾಲಿಗೆ 2 ರೂಪಾಯಿ 76 ಪೈಸೆ, ಸಕ್ಕರೆಗೆ 36 ಪೈಸೆ ಬೀಳುತ್ತದೆ. ಉರುವಲಿನ ಖರ್ಚನ್ನು ಬಿಟ್ಟು ಒಂದು ಲೋಟಕ್ಕೆ ಸುಮಾರು 7 ರೂಪಾಯಿ. ದಿನಕ್ಕೆ 84 ರೂಪಾಯಿ, ತಿಂಗಳಿಗೆ 2,520 ರೂಪಾಯಿ. ಅಂಗಡಿಯ ದರ ಊರಿನಿಂದ ಊರಿಗೆ ಬೇರೆಯಾಗುವುದರಿಂದ ಪ್ರತಿ ಮನೆಯೂ ತನ್ನ ದರ ಹಾಕಿಕೊಂಡು ಈ ಲೆಕ್ಕವನ್ನು ತಾನೇ ಮಾಡಬೇಕು.

ಈಗ ಆ ನಾಲ್ವರೂ ದಿನಕ್ಕೆ ಒಂದೇ ಒಂದು ಲೋಟವನ್ನು ಬಿಟ್ಟರೆ ದಿನಕ್ಕೆ 28 ರೂಪಾಯಿ, ತಿಂಗಳಿಗೆ 840 ರೂಪಾಯಿ ಉಳಿಯುತ್ತದೆ. ಅಂಚೆ ಕಚೇರಿಯ ಐದು ವರ್ಷಗಳ ಆವರ್ತಿತ ಠೇವಣಿಗೆ, ಅಂದರೆ ಜನ ಆರ್.ಡಿ. ಎನ್ನುವ ಖಾತೆಗೆ, 2023ರ ಅಕ್ಟೋಬರಿನಲ್ಲಿ ನಿಗದಿಯಾದ ಬಡ್ಡಿ ಶೇ. 6.7. ಸರ್ಕಾರ ಈ ದರಗಳನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ಆದರೆ ಖಾತೆ ತೆರೆದ ದಿನದ ದರ ಆ ಖಾತೆಗೆ ಕೊನೆಯವರೆಗೂ ಇರುತ್ತದೆ. ಈ ದರದಲ್ಲಿ ತಿಂಗಳಿಗೆ 840 ರೂಪಾಯಿಯಂತೆ ಕಟ್ಟಿದ 50,400 ರೂಪಾಯಿ ಐದು ವರ್ಷಗಳ ಕೊನೆಗೆ ಸುಮಾರು 59,900 ರೂಪಾಯಿ ಆಗುತ್ತದೆ. ಎಂಟನೆಯ ತರಗತಿಯಲ್ಲಿರುವ ಮಗಳು ಪದವಿ ತರಗತಿಗೆ ಸೇರುವ ಹೊತ್ತಿಗೆ ಈ ಹಣ ಕೈಯಲ್ಲಿರುತ್ತದೆ. ಯಾವ ಬಂಧುವಿನ ಮುಂದೆಯೂ ಕೈಚಾಚಬೇಕಾಗಿಲ್ಲ.

ಹೋಟೆಲಿನ ಕಾಫಿ ಬೇರೆಯೇ ಲೆಕ್ಕ. ಒಂದು ಲೋಟಕ್ಕೆ 15 ರೂಪಾಯಿಯಂತೆ ದಿನಕ್ಕೆ ಎರಡು ಬಾರಿ ಪೇಟೆಯಲ್ಲಿ ಕುಡಿಯುವವನು ತಿಂಗಳಿಗೆ 900 ರೂಪಾಯಿ ಕೊಡುತ್ತಾನೆ, ಅಂದರೆ ಮೇಲಿನ ನಾಲ್ವರೂ ಕೂಡಿ ಉಳಿಸುವುದಕ್ಕಿಂತ ಹೆಚ್ಚು. ಇದಕ್ಕೆ ಕನ್ನಡನಾಡು ಹಿಂದೆಯೇ ಒಂದು ಉಪಾಯ ಕಂಡುಕೊಂಡಿದೆ. ಅದೇ ಬೈಟು ಕಾಫಿ. ಒಂದು ಕಾಫಿಯನ್ನು ಎರಡು ಲೋಟಗಳಿಗೆ ಹಂಚಿ ಕುಡಿಯುವುದರಲ್ಲಿ ಮಿತವೂ ಇದೆ, ಸ್ನೇಹವೂ ಇದೆ. ಅದನ್ನು ಜಿಪುಣತನವೆಂದು ಯಾವ ಹೋಟೆಲಿನವರೂ ನಕ್ಕದ್ದಿಲ್ಲ.

ತೋಟವಿರುವ ಮನೆಗಳಲ್ಲಿ ಒಂದು ಭ್ರಮೆಯಿದೆ. ಸ್ವಂತ ತೋಟದ ಬೀಜವನ್ನು ಹುರಿದು ಪುಡಿ ಮಾಡುವುದರಿಂದ ಮನೆಯ ಕಾಫಿ ಪುಕ್ಕಟೆ ಎಂಬುದೇ ಆ ಭ್ರಮೆ. ಹುರಿದಾಗ ಬೀಜದ ತೂಕ ಆರನೆಯ ಒಂದು ಪಾಲಿನಷ್ಟು ಕಡಿಮೆಯಾಗುತ್ತದೆ. ಕುಡಿದ ಪ್ರತಿ ಕಿಲೋ ಪುಡಿಯ ಹಿಂದೆ ಮಾರದೆ ಉಳಿದ ಅದಕ್ಕಿಂತ ಹೆಚ್ಚು ಬೀಜವಿರುತ್ತದೆ. ಹಸು ಕಟ್ಟಿರುವ ಮನೆಗಳಲ್ಲಿ ಹಾಲಿಗೂ ಇದೇ ಮಾತು: ಕಾಫಿಗೆ ಹೋಗದ ಹಾಲು ಡೇರಿಗೆ ಹೋದರೆ ಪೇಟೆಯ ದರವಲ್ಲದಿದ್ದರೂ ಡೇರಿಯ ದರವಾದರೂ ಸಿಕ್ಕೀತು, ಮಕ್ಕಳ ಲೋಟಕ್ಕೆ ಹೋದರೆ ಅದಕ್ಕಿಂತ ದೊಡ್ಡ ಲಾಭ.

ಯಾವ ಲೋಟವನ್ನು ಬಿಡಬೇಕು?

ಎಲ್ಲ ಲೋಟಗಳೂ ಸಮಾನವಲ್ಲ. ಬೆಳಗಿನ ಮೊದಲ ಲೋಟವನ್ನು ಯಾರೂ ಬಿಡಬೇಕಾಗಿಲ್ಲ, ಬಿಡಲು ಹೊರಟವರು ಮೂರನೆಯ ದಿನ ಸೋಲುತ್ತಾರೆ. ಬಿಡಬಹುದಾದ ಲೋಟಗಳು ಎರಡು.

ಮೊದಲನೆಯದು ಊಟ ತಿಂಡಿಯ ಜೊತೆಗಿನ ಲೋಟ. ಕಾಫಿ ಮತ್ತು ಚಹಾದಲ್ಲಿರುವ ಪಾಲಿಫೀನಾಲ್ ಎಂಬ ಒಗರು ಪದಾರ್ಥಗಳು ರಾಗಿ, ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗದರ್ಶಿಯೂ ಊಟಕ್ಕೆ ಒಂದು ಗಂಟೆ ಮೊದಲು ಹಾಗೂ ಒಂದು ಗಂಟೆ ನಂತರ ಕಾಫಿ, ಚಹಾ ಬೇಡವೆಂದಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಎಲ್ಲರಿಗೂ ಬಡಿಸಿ, ಕೊನೆಯಲ್ಲಿ ಉಳಿದ ಮುದ್ದೆಯನ್ನು ಉಂಡು, ಅದರ ಬೆನ್ನಿಗೇ ಕಾಫಿ ಕುಡಿಯುವ ತಾಯಿ ತನ್ನ ಊಟದ ಸತ್ವವನ್ನು ತಾನೇ ಕಳೆದುಕೊಳ್ಳುತ್ತಾಳೆ. ಈ ಲೋಟವನ್ನು ಒಂದು ಗಂಟೆ ಮುಂದೂಡಿದರೂ ಪ್ರಯೋಜನವಿದೆ, ಬಿಟ್ಟರೆ ಇನ್ನೂ ಒಳ್ಳೆಯದು.

ಎರಡನೆಯದು ಸಂಜೆ ಇಳಿದ ಮೇಲಿನ ಲೋಟ. ಕಾಫಿಯಲ್ಲಿರುವ ಕೆಫೀನು ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು, ಗರ್ಭಿಣಿಯರಲ್ಲಿ ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ಸಂಜೆ ಆರಕ್ಕೆ ಕುಡಿದುದರ ಅರ್ಧ ರಾತ್ರಿ ಹನ್ನೊಂದಕ್ಕೂ ಎಚ್ಚರವಾಗಿರುತ್ತದೆ. ಪರೀಕ್ಷೆಯ ಹೊತ್ತಿಗೆ ಲೋಟದ ಮೇಲೆ ಲೋಟ ಕುಡಿದು ಓದುವ ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು: ನಿದ್ದೆಗೆಟ್ಟ ತಲೆಯಲ್ಲಿ ಓದಿದ್ದು ನಿಲ್ಲುವುದಿಲ್ಲ.

ಬಿಡುವ ಕ್ರಮವೂ ಮುಖ್ಯ. ದಿನಕ್ಕೆ ಐದಾರು ಲೋಟ ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ 12ರಿಂದ 24 ಗಂಟೆಗಳೊಳಗೆ ತಲೆನೋವು, ಮಂಕು, ಸಿಡುಕು ಆರಂಭವಾಗುತ್ತದೆ. ಒಂದೆರಡು ದಿನ ಅದು ಜೋರಾಗಿದ್ದು, ಒಂಬತ್ತು ದಿನಗಳವರೆಗೂ ಉಳಿಯಬಹುದು. ಇದು ಕಾಯಿಲೆಯಲ್ಲ, ದೇಹ ಹಳೆಯ ರೂಢಿಯನ್ನು ಕೇಳುವ ರೀತಿ. ಆದುದರಿಂದ ವಾರಕ್ಕೊಂದು ಲೋಟದಂತೆ ಇಳಿಸುವುದು ಜಾಣತನ. ಬಿಟ್ಟ ಹೊತ್ತಿಗೆ ಕೈಗೆ ಬೇರೊಂದು ಲೋಟ ಬೇಕಾಗುತ್ತದೆ. ಅದು ಜೀರಿಗೆ ಕಷಾಯವಾಗಲಿ, ಮಜ್ಜಿಗೆಯಾಗಲಿ. ಬಿಟ್ಟ ಕಾಫಿಯ ಜಾಗಕ್ಕೆ ಪೊಟ್ಟಣದ ಬಿಸ್ಕತ್ತು, ಬಾಟಲಿಯ ತಂಪು ಪಾನೀಯ ಬಂದು ಕುಳಿತರೆ ಹಣವೂ ಹೋಯಿತು, ಆರೋಗ್ಯವೂ ಹೋಯಿತು.

ಬದುವಿಲ್ಲದ ಹೊಲದ ಮಳೆ

ಇಲ್ಲಿಯವರೆಗಿನ ಮಾತು ಅರ್ಧ ಮಾತ್ರ. ಕಾಫಿ ಬಿಟ್ಟವರೆಲ್ಲರೂ ಹಣ ಉಳಿಸಿದವರಲ್ಲ. ಆರು ತಿಂಗಳು ಕಾಫಿ ಕಡಿಮೆ ಮಾಡಿ, 'ಉಳಿದದ್ದು ಎಲ್ಲಿ ಹೋಯಿತೋ ತಿಳಿಯದು' ಎನ್ನುವ ಮನೆಗಳು ಎಲ್ಲ ಊರುಗಳಲ್ಲೂ ಇವೆ. ಅದರ ಕಾರಣ ಅರಸೀಕೆರೆಯ ರೈತರಿಗೆ ಯಾರೂ ವಿವರಿಸಬೇಕಾಗಿಲ್ಲ. ಜಲಾನಯನ ಕಾಮಗಾರಿಗಳ ಕಾಲದಿಂದ ಕೇಳಿಬಂದಿರುವ ಮಾತೊಂದಿದೆ: ಓಡುವ ನೀರನ್ನು ನಡೆಸಬೇಕು, ನಡೆಯುವ ನೀರನ್ನು ನಿಲ್ಲಿಸಬೇಕು, ನಿಂತ ನೀರನ್ನು ಇಂಗಿಸಬೇಕು. ಬದುವಿಲ್ಲದ ಹೊಲದಲ್ಲಿ ಎಷ್ಟು ಮಳೆ ಬಿದ್ದರೂ ಅದು ಹಳ್ಳಕ್ಕೆ ಹೋಗುತ್ತದೆ, ಹೋಗುವಾಗ ಮಣ್ಣನ್ನೂ ಒಯ್ಯುತ್ತದೆ. ಖರ್ಚು ಕಡಿಮೆ ಮಾಡುವುದು ಮಳೆ, ಉಳಿತಾಯ ಖಾತೆ ಬದು. ಬದುವನ್ನು ಮಳೆಗಿಂತ ಮೊದಲೇ ಕಟ್ಟಬೇಕು.

ಆದುದರಿಂದ ಕ್ರಮ ಹೀಗಿರಬೇಕು. ಲೋಟ ಬಿಡುವ ಮೊದಲೇ ಖಾತೆ ತೆರೆಯಬೇಕು. ಬಿಟ್ಟ ಲೋಟದ ಹಣವನ್ನು ಅದೇ ದಿನ ಡಬ್ಬಿಗೆ ಹಾಕಬೇಕು. ತಿಂಗಳ ಮೊದಲ ವಾರದಲ್ಲಿ ಆ ಡಬ್ಬಿ ಅಂಚೆ ಕಚೇರಿಗೋ ಸಹಕಾರ ಸಂಘಕ್ಕೋ ಸ್ವಸಹಾಯ ಗುಂಪಿಗೋ ಹೋಗಬೇಕು. ತಿಂಗಳ ಕೊನೆಗೆ ಉಳಿದರೆ ಕಟ್ಟೋಣವೆಂದವರ ಪಾಸ್‌ಬುಕ್ಕು ಬಿಳಿಯಾಗಿಯೇ ಇರುತ್ತದೆ. ಅಂಚೆ ಕಚೇರಿಯ ಆರ್.ಡಿ.ಯನ್ನು ತಿಂಗಳಿಗೆ 100 ರೂಪಾಯಿಯಿಂದ ಆರಂಭಿಸಬಹುದು, ಆದ್ದರಿಂದ ಬಡತನವನ್ನು ನೆಪ ಮಾಡುವಂತಿಲ್ಲ.

ಖಾತೆಗೆ ಒಂದು ಹೆಸರೂ ಬೇಕು. ಸುಮ್ಮನೆ 'ಉಳಿತಾಯ' ಎಂದರೆ ಮನಸ್ಸಿಗೆ ಹಿಡಿತವಿಲ್ಲ. 'ಮಗಳ ಪದವಿ', 'ಮಳೆನೀರಿನ ತೊಟ್ಟಿ', 'ಮುಂದಿನ ಮುಂಗಾರಿನ ಸಸಿ ಗೊಬ್ಬರ', 'ಅಪ್ಪನ ಕಣ್ಣಿನ ಶಸ್ತ್ರಚಿಕಿತ್ಸೆ' ಎಂದು ಡಬ್ಬಿಯ ಮೇಲೆ ಬರೆದರೆ ಸಂಜೆಯ ಲೋಟಕ್ಕೆ ಕೈ ಹೋಗುವಾಗ ಆ ಅಕ್ಷರಗಳು ತಡೆಯುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮನೆಯ ಮೇಲೆ ದುಬಾರಿ ಬಡ್ಡಿಯ ಸಾಲವಿದ್ದರೆ ಆ ಹಣ ಮೊದಲು ಹೋಗಬೇಕಾದದ್ದು ಸಾಲಕ್ಕೆ. ವರ್ಷಕ್ಕೆ ಶೇ. 24ರ ಬಡ್ಡಿಯ 10,000 ರೂಪಾಯಿ ಸಾಲ ವರ್ಷಕ್ಕೆ 2,400 ರೂಪಾಯಿ ತಿನ್ನುತ್ತದೆ. ಅಷ್ಟೇ ಹಣ ಶೇ. 6.7ರ ಠೇವಣಿಯಲ್ಲಿ ತರುವುದು 700 ರೂಪಾಯಿಯೊಳಗೆ. ಒಂದು ಕೈಯಲ್ಲಿ ಸಾಲ, ಇನ್ನೊಂದು ಕೈಯಲ್ಲಿ ಠೇವಣಿ ಹಿಡಿದರೆ ತೂತಿನ ಬಿಂದಿಗೆಯಲ್ಲಿ ನೀರು ಹೊತ್ತಂತೆ. ಸಾಲ ವಸೂಲಿಯ ಕಿರುಕುಳ ಮಿತಿಮೀರಿದ್ದರಿಂದ ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಕಿರುಸಾಲಗಳ ಬಗೆಗೆ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಾನೂನು ಕಿರುಕುಳವನ್ನು ತಡೆದೀತು, ಆದರೆ ಮುಂದಿನ ಸಾಲದ ಅಗತ್ಯವನ್ನು ತಡೆಯುವುದು ಮನೆಯ ಡಬ್ಬಿಯೇ.

ಉಳಿದ ಹಣ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆಯೂ ಸಣ್ಣದಲ್ಲ. ಕಾಫಿ ಸೋಸುವವಳು, ಲೋಟ ತೊಳೆಯುವವಳು, ತನ್ನ ಪಾಲನ್ನು ಮೊದಲು ಬಿಡುವವಳು ಮನೆಯ ಹೆಂಗಸು. ಅವಳು ಬಿಟ್ಟ ಲೋಟದ ಹಣ ಗಂಡಸಿನ ಜೇಬಿಗೆ ಹೋಗಿ ಪೇಟೆಯ ಹೋಟೆಲಿನಲ್ಲಿ ಕರಗಿದರೆ ಅದನ್ನು ಉಳಿತಾಯವೆನ್ನಲಾಗದು. ಸ್ವಸಹಾಯ ಗುಂಪುಗಳ ಚಿಂತನೆ 1980ರ ದಶಕದಲ್ಲಿ ಕರ್ನಾಟಕದ ನೆಲದಲ್ಲೇ ಬೆಳೆದದ್ದು. 1992ರಲ್ಲಿ ನಬಾರ್ಡ್ ಅವುಗಳನ್ನು ಬ್ಯಾಂಕುಗಳಿಗೆ ಜೋಡಿಸಿತು, ರಾಜ್ಯದ ಸ್ತ್ರೀಶಕ್ತಿ ಯೋಜನೆ 2000ದ ಹೊತ್ತಿಗೆ ಅವುಗಳನ್ನು ಹಳ್ಳಿ ಹಳ್ಳಿಗೆ ಒಯ್ದಿತು. ವಾರಕ್ಕೆ ಹತ್ತು ಇಪ್ಪತ್ತು ರೂಪಾಯಿ ಕೂಡಿಸಿ ಹಸು ಕೊಂಡವರು, ಮಕ್ಕಳನ್ನು ಓದಿಸಿದವರು ಈ ಭಾಗದಲ್ಲೂ ಇದ್ದಾರೆ. ಕಾಫಿಯ ಉಳಿತಾಯ ಅವಳ ಪಾಸ್‌ಬುಕ್ಕಿಗೇ ಹೋಗುವುದು ನ್ಯಾಯ.

ಯಾರಿಗೆ ಈ ಮಾತು ಹೇಳಬಾರದು

ಈ ಉಪದೇಶವನ್ನು ಕೇಳಬೇಕಾಗಿಲ್ಲದ ಜನರೂ ಇದ್ದಾರೆ. ತೋಟದ ಲೈನ್ ಮನೆಗಳಲ್ಲಿ ಮುಂಜಾನೆ ಎದ್ದು, ಬೆಲ್ಲದ ಕರಿ ಕಾಫಿ ಕುಡಿದು ಚಳಿಯಲ್ಲಿ ಹಣ್ಣು ಕೊಯ್ಯಲು ಹೊರಡುವ ಕೂಲಿಯವರಿಗೆ ಆ ಲೋಟವೇ ಎಷ್ಟೋ ದಿನ ಉಪಾಹಾರ. ಹಸಿವನ್ನು ಅಡಗಿಸಲು ಕುಡಿಯುವ ಕಾಫಿಯನ್ನು ಬಿಡಿ ಎನ್ನುವುದು ಕ್ರೌರ್ಯ. ಅವರ ಮುಂದೆ ಉಳಿತಾಯದ ಮಾತು ಬರುವ ಮೊದಲು ಒಂದು ಮುಷ್ಟಿ ಕಡಲೆಕಾಯಿ, ಒಂದು ರೊಟ್ಟಿ, ನ್ಯಾಯವಾದ ಕೂಲಿ ಬರಬೇಕು. ಮಿತವೆಂಬುದು ಉಳ್ಳವರಿಗೆ ಗುಣ, ಇಲ್ಲದವರಿಗೆ ಅದನ್ನು ಬೋಧಿಸುವುದು ಅವಮಾನ.

ಅತಿಥಿಯ ಲೋಟವೂ ಈ ಲೆಕ್ಕದ ಹೊರಗೇ ಇರಲಿ. ಮನೆಗೆ ಬಂದವರಿಗೆ ಕಾಫಿ ಕೊಡದೆ ಉಳಿಸಿದ ಏಳು ರೂಪಾಯಿ ಯಾವ ಮನೆಯನ್ನೂ ಎತ್ತಿ ನಿಲ್ಲಿಸುವುದಿಲ್ಲ. ಆದರೆ ಕಷಾಯವನ್ನೋ ಮಜ್ಜಿಗೆಯನ್ನೋ ಸಂಕೋಚವಿಲ್ಲದೆ ಮುಂದಿಡುವ ಹಳೆಯ ರೂಢಿ ಮರಳಿ ಬಂದರೆ ಅತಿಥಿಗೂ ಹಿತ.

ಉಳಿಸಿಕೊಂಡ ಲೋಟ

ಕೊನೆಗೆ ಬಿಡದೆ ಉಳಿಸಿಕೊಂಡ ಲೋಟದ ಬಗೆಗೆ ಎರಡು ಮಾತು. ಒಂದು ಲೋಟ ಕಾಫಿಯ ಹಿಂದೆ ಸುಮಾರು 140 ಲೀಟರು ನೀರಿದೆ ಎಂದು ಡಚ್ ಸಂಶೋಧಕರು 2003ರಲ್ಲಿ ಲೆಕ್ಕ ಹಾಕಿದರು. ಅದರ ಬಹುಪಾಲು ತೋಟದ ಮೇಲೆ ಬೀಳುವ ಮಳೆಯೇ ಆದುದರಿಂದ ಆ ಅಂಕಿಯಿಂದ ಗಾಬರಿಪಡಬೇಕಾಗಿಲ್ಲ. ಮಳೆ ಬಿದ್ದ ಮೇಲೆ ಏನಾಗುತ್ತದೆ ಎಂಬುದೇ ಮುಖ್ಯ. ಮತ್ತಿ, ನಂದಿ, ಹಲಸು, ಅತ್ತಿ ಮರಗಳ ನೆರಳಿನ ಹಳೆಯ ತೋಟದಲ್ಲಿ ಆ ಮಳೆ ಎಲೆಗಳ ಮೇಲೆ ನಿಂತು, ತರಗಿನೊಳಗೆ ಇಳಿದು, ನೆಲಕ್ಕೆ ಇಂಗುತ್ತದೆ. ಬೆಲೆ ಏರಿದ ವರ್ಷಗಳಲ್ಲಿ ಆ ಮರಗಳನ್ನು ಕಡಿದು, ಸಿಲ್ವರ್ ಓಕ್ ಮಾತ್ರ ಉಳಿಸುವ ಆತುರ ಹೆಚ್ಚುತ್ತದೆ. ಪಲ್ಪಿಂಗ್ ಮಾಡಿದ ನೀರನ್ನು ಶುದ್ಧಗೊಳಿಸದೆ ಹಳ್ಳಕ್ಕೆ ಬಿಟ್ಟರೆ ಆ ಹುಳಿ ನೀರು ಹೊಳೆಯ ಆಮ್ಲಜನಕವನ್ನು ಹೀರಿ ಮೀನುಗಳನ್ನು ಕೊಲ್ಲುತ್ತದೆ. ಬಾಬಾಬುಡನ್ ಗಿರಿಗಳ ಕಡೆಯಿಂದ ಇಳಿದು ಬೇಲೂರನ್ನು ಮುಟ್ಟಿ ಹೇಮಾವತಿಯನ್ನು ಸೇರುವ ಯಗಚಿ ಇಂಥ ತೋಟಗಳ ನಾಡಿನ ಹೊಳೆ. ಮೇಲಿನವರು ಬಿಟ್ಟ ನೀರನ್ನೇ ಕೆಳಗಿನವರು ಕುಡಿಯಬೇಕು.

ಕೊಳ್ಳುವವರು ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳನ್ನೂ ಓದಬೇಕು. ಭಾರತದ ನಿಯಮದ ಪ್ರಕಾರ ಕಾಫಿ ಚಿಕೋರಿ ಮಿಶ್ರಣದಲ್ಲಿ ಶೇ. 49ರವರೆಗೆ ಚಿಕೋರಿ ಇರಬಹುದು, ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಲೇಬೇಕು. ಚಿಕೋರಿಯ ರುಚಿ ಇಷ್ಟಪಡುವವರ ಮಾತು ಬೇರೆ. ಆದರೆ ಕಾಫಿಯ ಬೆಲೆ ಕೊಟ್ಟು ಬೇರನ್ನು ಕೊಳ್ಳುವುದು ತಿಳಿಯದೆ ಆಗಬಾರದು. ಮೂರು ತೆಳು ಲೋಟಗಳ ಬದಲು ಎರಡು ಒಳ್ಳೆಯ ಲೋಟ ಕುಡಿಯುವವನು ತನ್ನ ಹಣವನ್ನು ಉಳಿಸುತ್ತಾನೆ, ನೆರಳಿನ ತೋಟವನ್ನು ಕಾಪಾಡಿಕೊಂಡ ಸಣ್ಣ ಬೆಳೆಗಾರನ ಬೀಜಕ್ಕೆ ಯೋಗ್ಯ ಬೆಲೆಯನ್ನೂ ಕೊಡಬಲ್ಲ. ಡಿಕಾಕ್ಷನ್ ಇಳಿದ ಮೇಲಿನ ಗಸಿ ಗೊಬ್ಬರದ ಗುಂಡಿಗೆ ಹೋದರೆ ಅಲ್ಲಿಗೆ ಆ ಲೋಟದ ಲೆಕ್ಕ ಪೂರ್ಣವಾಗುತ್ತದೆ.

ವಿದ್ಯಾರ್ಥಿ ಮಿತ್ರರಿಗೆ ಒಂದು ಸಣ್ಣ ಕೆಲಸ. ಮುಂದಿನ ಏಳು ದಿನ ಒಂದು ನೋಟ್‌ಬುಕ್ಕಿನಲ್ಲಿ ಮನೆಯ ಪ್ರತಿ ಲೋಟವನ್ನೂ ಬರೆಯಬೇಕು: ಯಾರು ಕುಡಿದರು, ಯಾವ ಹೊತ್ತಿಗೆ, ಬೇಕೆಂದು ಕುಡಿದರೋ, ರೂಢಿಯಿಂದ ಕುಡಿದರೋ. ಯಾರನ್ನೂ ಟೀಕಿಸಬಾರದು, ಬರೆಯಬೇಕು ಅಷ್ಟೆ. ಎಂಟನೆಯ ದಿನ ಆ ಪುಟವನ್ನು ಅಜ್ಜಿ, ಅಪ್ಪ, ಅಮ್ಮನ ಮುಂದೆ ಓದಬೇಕು. ರೂಢಿಯ ಲೋಟಗಳಲ್ಲಿ ಯಾವುದನ್ನು ಬಿಡಬೇಕೆಂದು ಮನೆಯವರೇ ತೀರ್ಮಾನಿಸಲಿ. ಅದೇ ಸಂಜೆ ಒಂದು ಖಾಲಿ ಡಬ್ಬಿಯನ್ನು ತೊಳೆದು ಒಣಗಿಸಿ, ಅದರ ಮೇಲೆ ಉಳಿತಾಯದ ಗುರಿಯ ಹೆಸರನ್ನು ಬರೆದಿಡಬೇಕು. ಕಾಫಿ ಪುಡಿಯದೇ ಹಳೆಯ ಡಬ್ಬಿಯಾದರೆ ಇನ್ನೂ ಚೆನ್ನ.

ಮಾಲೇಕಲ್ಲಿನ ಬೆಟ್ಟವನ್ನು ಯಾರೂ ಒಂದೇ ನೆಗೆತಕ್ಕೆ ಏರಿದವರಿಲ್ಲ. ಮೆಟ್ಟಿಲಿಗೊಮ್ಮೆ ಕಾಲಿಟ್ಟು, ಅಲ್ಲಲ್ಲಿ ಕುಳಿತು, ಎದ್ದು ಮುಂದುವರಿದವರೇ ಎಲ್ಲರೂ. ದಿನಕ್ಕೊಂದು ಲೋಟ ಬಿಡುವುದೂ ಒಂದೊಂದು ಮೆಟ್ಟಿಲು. ಐದು ವರ್ಷಗಳಾದ ಮೇಲೆ ಮೇಲೆ ನಿಂತು ನೋಡಿದಾಗ ಏರಿದ ದೂರ ತಾನಾಗಿಯೇ ಕಾಣುತ್ತದೆ.